ಕತ್ತೆಯನ್ನು ಕೊಳ್ಳಿ

ವಿಡಿಯೋ ಗೇಮಿನ ಗೈಡನ್ನು ಈ ಕಾಲದಲ್ಲೂ ಅಚ್ಚಾದ ಪುಸ್ತಕವಾಗಿ ಕೊಳ್ಳಬೇಕೇ ಎಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ಮೊದಲು ಎದ್ದು ಹೋಗಿ ಹೆಂಡತಿ ಎಲ್ಲಿದ್ದಾಳೆಂದು ನೋಡಿಕೊಂಡು ಬರುತ್ತೇನೆ. ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ನಿಜ. ಆದರೆ ಕಣ್ಣಿನಿಂದ ಹೋದ ಶಕ್ತಿಯೆಲ್ಲ ಕಿವಿಗೆ ವರ್ಗವಾಗಿ ಬಂದು ಕೂತಿದೆ. ‘ಗೈಡು’ ಎಂಬ ಮಾತು ನನ್ನ ಬಾಯಿಂದ ಬಿದ್ದರೆ ಸಾಕು, ಅಡುಗೆಮನೆಯಿಂದ ಕತ್ತೆ ಕೂಗಿದ ಸದ್ದು ಬರುತ್ತದೆ. ಅವಳೇ ಕೂಗುವುದು. ಬಹಳ ಚೆನ್ನಾಗಿ ಕೂಗುತ್ತಾಳೆ.

ನಾನು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಇಪ್ಪತ್ತೊಂಬತ್ತು ವರ್ಷದಿಂದ ಬೇರೆಯವರ ತಪ್ಪುಗಳ ಮೇಲೆ ಬದುಕಿದ್ದೇನೆ. ಪ್ರೆಸ್ಸಿನಲ್ಲಿ ನನಗೆ ‘ಕರಡಿ’ ಎಂದು ಅಡ್ಡಹೆಸರು. ಕರಡು ನೋಡುವುದರಿಂದ ಬಂದ ಬಿರುದು ಎಂದು ನಾನು ತಿಳಿದಿದ್ದೇನೆ. (ಅಲ್ಲವೆಂದು ಹೆಂಡತಿಯ ವಾದ. ಸಾಕ್ಷಿಗೆ ನನ್ನ ಬನಿಯನ್ನಿನ ಕಡೆ ಬೊಟ್ಟು ಮಾಡುತ್ತಾಳೆ.) ಅಂಗಡಿಯ ಬೋರ್ಡು, ಬಸ್ಸಿನ ಟಿಕೆಟ್ಟು, ಪೇಪರಿನಲ್ಲಿ ಸತ್ತವರ ಫೋಟೋದ ಕೆಳಗಿನ ಎರಡು ಸಾಲು, ಯಾವುದನ್ನೂ ನಾನು ಸುಮ್ಮನೆ ಓದಲಾರೆ. ಕೈ ತಾನಾಗಿಯೇ ಜೇಬಿನಲ್ಲಿರುವ ಕೆಂಪು ಪೆನ್ನಿಗೆ ಹೋಗುತ್ತದೆ.

ಹೆಂಡತಿ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಅವಳ ಮೆಷಿನ್ನು. ಅವಳು ಹೊಲಿದ ಕಾಲರ್ ಎಂದರೆ ಸ್ಕೇಲಿಟ್ಟು ಎಳೆದ ಹಾಗೆ. ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ ಅಳತೆಯ ಟೇಪನ್ನು ನನ್ನ ಮುಖದ ಮುಂದೆ ಹಿಡಿದು, ‘ಇದು ಡೊಂಕಾಗಿದೆ ನೋಡಿ, ಅಂಗಡಿಯವನು ಮೋಸ ಮಾಡಿದಾನೆ’ ಎಂದಳು. ಟೇಪು ನೆಟ್ಟಗಿತ್ತು. ‘ನಿನ್ನ ಕಣ್ಣೇ ಡೊಂಕು’ ಎಂದು ನಕ್ಕೆ. ಆ ನಗೆಯನ್ನು ಈಗಲೂ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನಿಸುತ್ತದೆ. ಅವಳ ಕಣ್ಣೇ ಡೊಂಕಾಗಿತ್ತು.

ಕಣ್ಣಿನ ಡಾಕ್ಟರು ಬಹಳ ಹೊತ್ತು ಒಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿ, ‘ನೋಡೀಮ್ಮಾ, ಕಣ್ಣಿನ ಒಳಪರದೆ ಸವೀತಿದೆ. ನಿಮಗೆ ಬಂದಿರೋ ಬಗೆಗೆ ಔಷಧಿ ಇಲ್ಲ. ನಿಧಾನವಾಗಿ ನಡುವಿನ ನೋಟ ಹೋಗುತ್ತೆ. ಪೂರ್ತಿ ಕತ್ತಲೆ ಆಗಲ್ಲ. ಅಂಚು ಉಳಿಯುತ್ತೆ’ ಎಂದರು.

‘ಬಟ್ಟೆ ಹೋಗಿ ಅಂಚು ಉಳಿದ್ರೆ ಏನು ಹೊಲೀಲಿ ಡಾಕ್ಟ್ರೇ?’ ಎಂದಳು ಇವಳು.

ಡಾಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಚೌಕ ಚೌಕ ಗೆರೆ ಹಾಕಿದ ಒಂದು ಹಾಳೆ ಕೊಟ್ಟು, ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ನೋಡಿ, ಎಷ್ಟು ಚೌಕ ಅಳಿಸಿಹೋಗಿವೆ ಎಂದು ಗುರುತು ಹಾಕಿಕೊಳ್ಳಲು ಹೇಳಿದರು. ಅದನ್ನು ಬೀರುವಿನ ಬಾಗಿಲಿಗೆ ಅಂಟಿಸಿದೆವು. ಆಗ ಅವಳ ಪಾಲಿಗೆ ನಾಲ್ಕು ಚೌಕ ಇರಲಿಲ್ಲ.

ಹೊಲಿಗೆ ನಿಂತಿತು. ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿದಳು. ಒಂದು ತಿಂಗಳು ಆ ಕಿಟಕಿಯ ಮುಂದೆ ಸುಮ್ಮನೆ ಕೂತಿದ್ದಳು. ನನಗೆ ಬೈಯುವುದನ್ನೂ ಬಿಟ್ಟಳು. ನನಗೆ ಭಯವಾದದ್ದು ಆಗಲೇ. ಆಗ ಮಗಳು ಬಂದು (ಬೇರೆ ಊರಿನಲ್ಲಿ ಗಂಡನ ಜೊತೆ ಇದ್ದಾಳೆ, ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ, ಆದ್ದರಿಂದ ಏನು ಹೇಳಿದರೂ ರಿಪೋರ್ಟು ಕೇಳುತ್ತಾಳೆ) ಅಟ್ಟದ ಮೇಲಿದ್ದ ತನ್ನ ಹಳೆಯ ವಿಡಿಯೋ ಗೇಮ್ ಇಳಿಸಿ ಟಿವಿಗೆ ಸಿಕ್ಕಿಸಿ, ‘ಅಮ್ಮಾ, ಇದರಲ್ಲಿ ಗುಂಡು ಹಾರಿಸೋದು ಕಮ್ಮಿ, ನಡಿಯೋದು ಜಾಸ್ತಿ. ಸುಮ್ನೆ ನಡಿ’ ಎಂದು ರಿಮೋಟನ್ನು ಕೈಗಿಟ್ಟು ಹೋದಳು.

ಆಟ ಇಷ್ಟೇ. ಮರಳುಗಾಡಿನಲ್ಲಿ ಒಬ್ಬ ಹೆಂಗಸು. ಅವಳು ಸಮುದ್ರದವರೆಗೆ ನಡೆಯಬೇಕು. ದಾರಿಯಲ್ಲಿ ತೋಳ, ಕಳ್ಳರು, ಬಾಯಾರಿಕೆ. ನನ್ನ ಹೆಂಡತಿ ಟಿವಿಗೆ ಒಂದು ಗೇಣು ದೂರದಲ್ಲಿ ಕುರ್ಚಿ ಹಾಕಿಕೊಂಡು ನಡೆಯತೊಡಗಿದಳು. ನಾಲ್ಕನೇ ದಿನಕ್ಕೆ ನನಗೆ ಮತ್ತೆ ಬೈದಳು. ದೇವರಿಗೆ ಕೈ ಮುಗಿದೆ.

ತೊಂದರೆ ಏನೆಂದರೆ, ಆಟ ಮಾತಾಡುವುದು ಅದರದೇ ಭಾಷೆಯಲ್ಲಿ. ಪರದೆಯ ಮೇಲೆ ಬರುವ ಅಕ್ಷರ ಇರುವೆ ಸಾಲಿನಷ್ಟು. ಎರಡನೇ ಹಳ್ಳಿಯಲ್ಲಿ ಅವಳು ಒಂದು ವಾರ ಒಂದೇ ಬಾವಿಯನ್ನು ಸುತ್ತಿದಳು. ಮಗಳ ಸಲಹೆಯ ಮೇಲೆ ಫೋನಿನಲ್ಲಿ ಒಬ್ಬನ ವಿಡಿಯೋ ಹಾಕಿದೆವು. ಅವನು ಮೊದಲು ಐದು ನಿಮಿಷ ಅರಚಿದ. ಆಮೇಲೆ ಓಡಿದ. ‘ಇವನ ಹಿಂದೆ ಯಾರು ಬಿದ್ದಿದಾರೆ? ನಿಲ್ಲಕ್ಕೆ ಹೇಳ್ರೀ’ ಎಂದಳು ಇವಳು. ನಿಲ್ಲಿಸಿ ನಿಲ್ಲಿಸಿ ಹೇಳಲು ಹೋದರೆ ಫೋನು ನಿದ್ದೆ ಮಾಡುತ್ತಿತ್ತು, ಎಚ್ಚರಿಸಿದರೆ ಕೂದಲೆಣ್ಣೆಯ ಜಾಹೀರಾತು ತೋರಿಸುತ್ತಿತ್ತು.

ಆಗಲೇ ನನ್ನ ತಲೆಯಲ್ಲಿ ದಿವ್ಯವಾದ ಆಲೋಚನೆಯೊಂದು ಉದಯಿಸಿದ್ದು. ಹನ್ನೆರಡು ವರ್ಷದ ಹಿಂದೆ ನಮ್ಮ ಪ್ರೆಸ್ಸಿನ ಯಜಮಾನರಿಗೆ ಹುಮ್ಮಸ್ಸು ಬಂದು ಆರು ವಿಡಿಯೋ ಗೇಮುಗಳ ಗೈಡನ್ನು ನಮ್ಮ ಭಾಷೆಯಲ್ಲಿ ಅಚ್ಚು ಹಾಕಿದ್ದರು. ಕಟ್ಟುಗಟ್ಟಲೆ ಹೋದವು, ಕಟ್ಟುಗಟ್ಟಲೆ ವಾಪಸ್ ಬಂದವು. ಆಮೇಲೆ ಯಜಮಾನರು ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗೆ ಇಳಿದರು. ಆ ಆರರಲ್ಲಿ ಈ ಆಟವೂ ಇತ್ತು! ಮಗಳಿಗೆ ಫೋನ್ ಮಾಡಿ ಘೋಷಿಸಿದೆ.

‘ಅಪ್ಪಾ, ಆ ಪುಸ್ತಕ ಈಗ ಯಾರು ಕೊಳ್ತಾರೆ? ಎಲ್ಲಾ ಫೋನಲ್ಲೇ ಇದೆ.’

‘ಫೋನಲ್ಲಿ ಇರೋದನ್ನ ಯಾರು ತಿದ್ದಿದಾರೆ? ಹೇಳು ನೋಡೋಣ.’

‘ತಪ್ಪಿದ್ರೆ ಕೆಳಗೆ ನೂರು ಜನ ತಪ್ಪು ಅಂತ ಬರೀತಾರಪ್ಪ.’

‘ನೂರು ಜನ ಕೂಗಾಡೋದೂ ಒಂದೇ, ತಿಳಿದೋನು ಒಬ್ಬ ಓದಿ ಸಹಿ ಹಾಕೋದೂ ಒಂದೇನಾ?’

‘ಒಂದೇ ಅಲ್ಲ. ಆ ಒಬ್ಬ ತಪ್ಪು ಮಾಡಿದ್ರೆ ಹೇಳೋರೇ ಇರಲ್ಲ.’

ಮಕ್ಕಳಿಗೆ ಓದು ಕಲಿಸಬಾರದು. ಫೋನಿಟ್ಟು, ಬಸ್ ಸ್ಟ್ಯಾಂಡಿನ ಹಿಂದಿನ ಹಳೆ ಪುಸ್ತಕದ ಅಂಗಡಿಗಳನ್ನು ಮೂರು ಭಾನುವಾರ ಜಾಲಾಡಿದೆ. ಕೊನೆಗೆ ಪರೀಕ್ಷೆಯ ಗೈಡುಗಳ ರಾಶಿಯ ಅಡಿಯಲ್ಲಿ ಸಿಕ್ಕಿತು. ಇನ್ನೂರ ಹನ್ನೆರಡು ಪುಟ, ದಪ್ಪ ಅಕ್ಷರ. ಒಳರಟ್ಟಿನಲ್ಲಿ ಸಣ್ಣದಾಗಿ, ಕರಡು ತಿದ್ದಿದವರು ಎಂದು ನನ್ನ ಹೆಸರು. ಅಂಗಡಿಯವನಿಗೂ ತೋರಿಸಿದೆ. ಅವನು ಅದಕ್ಕಾಗಿ ಬೆಲೆಯಲ್ಲಿ ಏನೂ ಬಿಡಲಿಲ್ಲ.

(ನೀವು ಕೇಳಬಹುದು, ತಾವೇ ತಿದ್ದಿದ ಪುಸ್ತಕ ತಮಗೆ ನೆನಪಿರಲಿಲ್ಲವೇ ಎಂದು. ಕರಡು ತಿದ್ದುವವನು ಅರ್ಥ ನೋಡುವುದಿಲ್ಲ ಸ್ವಾಮಿ, ಅಕ್ಷರ ನೋಡುತ್ತಾನೆ. ಅರ್ಥ ನೋಡುತ್ತ ಕೂತರೆ ಔಷಧಿ ಚೀಟಿ ಓದಿದ ನಾನು ಎಂದೋ ಹೆದರಿ ಸಾಯಬೇಕಿತ್ತು.)

ಆ ಎಂಟು ತಿಂಗಳು! ಪ್ರೆಸ್ಸಿನಿಂದ ಬಂದು ಮುಖ ತೊಳೆದು, ಕುರ್ಚಿ ಎಳೆದುಕೊಂಡು, ಪುಟದ ಮೇಲೆ ಸ್ಕೇಲಿಟ್ಟು ಒಂದೊಂದೇ ಸಾಲು ಓದುತ್ತಿದ್ದೆ. ಸ್ಕೇಲು ನಮ್ಮ ಕಸುಬಿನ ಅಭ್ಯಾಸ. ಕೆಳಗಿನ ಸಾಲು ಕಾಣಿಸಿದರೆ ಕಣ್ಣು ಜಾರುತ್ತದೆ, ತಪ್ಪು ತಪ್ಪಿಸಿಕೊಳ್ಳುತ್ತದೆ. ‘ಬಾವಿಯ ಬಲಕ್ಕೆ ಹೋಗಿ’ ಎಂದು ನಾನು. ಅವಳು ಬಲಕ್ಕೆ ಹೋಗುವಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಬಲ ಎಂದಾಗ ಅವಳು ಬಲಕ್ಕೆ ಹೋದದ್ದು ಅದೇ ಮೊದಲು. ಈ ಅಧಿಕಾರದ ಅಮಲು ನನ್ನ ತಲೆಗೇರಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಬೀರುವಿನ ಹಾಳೆಯಲ್ಲಿ ಚೌಕಗಳು ಅಳಿಯುತ್ತಲೇ ಇದ್ದವು. ಒಂದು ದಿನ ನನ್ನನ್ನು ನೋಡಿ, ‘ನಿಮ್ಮ ಮೂಗು ಹೋಯ್ತು ರೀ’ ಎಂದಳು. ಇನ್ನೊಂದು ದಿನ, ‘ಈಗ ಬಾಯೂ ಇಲ್ಲ. ಕಿವಿ ಎರಡೂ ಚೆನ್ನಾಗಿವೆ’ ಎಂದಳು. ‘ಬಾಯಿ ಹೋಗಿದ್ದಕ್ಕೆ ಸಂತೋಷ ಪಡ್ತಿದೀಯ’ ಎಂದೆ. ‘ಕಾಣ್ಸಲ್ಲ ಅಷ್ಟೆ, ಕೇಳ್ಸುತ್ತಲ್ಲ’ ಎಂದಳು.

‘ಆ ಸಮುದ್ರಕ್ಕೆ ಯಾಕಿಷ್ಟು ಒದ್ದಾಡ್ತೀಯ? ರಜೆ ಹಾಕ್ತೀನಿ, ನಿಜವಾದ ಸಮುದ್ರನೇ ನೋಡ್ಕೊಂಡು ಬರೋಣ’ ಎಂದೆ ಒಮ್ಮೆ.

‘ಬಸ್ಸಲ್ಲಿ ಕೂತು ಹೋಗಿ ಯಾರು ಬೇಕಾದ್ರೂ ನೋಡ್ತಾರೆ. ಇದಕ್ಕೆ ನಾನು ನಡ್ಕೊಂಡು ಹೋಗ್ತಿದೀನಿ’ ಎಂದಳು. ಆಟ ನಿಲ್ಲಿಸದೆ, ‘ಹೊಲಿಯಕ್ಕೆ ತಗೊಂಡಿದ್ದ ಬಟ್ಟೆನೆಲ್ಲ ಅರ್ಧಕ್ಕೆ ವಾಪಸ್ ಕೊಟ್ಟೆ ರೀ. ಇದೊಂದನ್ನ ಮುಗಿಸ್ಬೇಕು. ಕಣ್ಣಿರೋವಾಗ್ಲೇ’ ಎಂದಳು.

ಅಲ್ಲಿಂದ ಅದು ನನಗೂ ಆಟವಾಗಿ ಉಳಿಯಲಿಲ್ಲ.

ನೂರ ಮೂವತ್ತೊಂದನೇ ಪುಟಕ್ಕೆ ಬಂದೆವು. ಉಪ್ಪಿನ ಬಯಲಿನ ಈಚೆಗೆ ಕೊನೆಯ ಹಳ್ಳಿ. ಊರ ಬಾಗಿಲಲ್ಲಿ ಒಬ್ಬ ಮುದುಕ, ಅವನ ಪಕ್ಕದಲ್ಲಿ ಒಂದು ಬೂದು ಕತ್ತೆ. ನಾನು ಸ್ಕೇಲು ಸರಿಸಿ ಓದಿದೆ: ‘ತೋಳವನ್ನು ಕೊಲ್ಲಿ. ಕಳ್ಳರಿಬ್ಬರನ್ನು ಕೊಲ್ಲಿ. ಹಾವನ್ನು ಕೊಲ್ಲಿ.’ ಕೊಂದಳು. ಇನ್ನೊಂದು ಸಾಲು ಸರಿಸಿದೆ. ‘ಕತ್ತೆಯನ್ನು ಕೊಲ್ಲಿ.’

ಅವಳ ಹೆಬ್ಬೆರಳು ನಿಂತಿತು.

‘ಕತ್ತೆ ಏನು ಮಾಡಿದೆ ಪಾಪ? ನನ್ನೇ ನೋಡ್ತಿದೆ. ಸರಿಯಾಗಿ ಓದಿ.’

‘ಸರಿಯಾಗೇ ಓದಿದೀನಿ. ಕೊಲ್ಲಿ.’

‘ಕೊಳ್ಳಿ ಅಂತ ಇರ್ಬೇಕು ರೀ. ಮುದುಕ ಕೈ ಚಾಚ್ತಿದಾನೆ. ಮಾರಕ್ಕೆ ನಿಂತಿರೋ ಹಾಗಿದೆ.’

‘ಯಾರಿಗೆ ಹೇಳ್ತಿದೀಯ ಲಕಾರ ಳಕಾರ? ಇಪ್ಪತ್ತೊಂಬತ್ತು ವರ್ಷ ಅದನ್ನೇ ತಿದ್ದಿದೀನಿ. ಲ-ಗೆ ಲ ಒತ್ತು. ಕೊಲ್ಲಿ!’

‘ಅಚ್ಚಲ್ಲಿ ತಪ್ಪಾಗಿದ್ರೆ?’

‘ಯಾರ ಅಚ್ಚು? ಯಾರು ತಿದ್ದಿದ್ದು? ಒಳರಟ್ಟು ನೋಡು!’ (ಅವಳಿಗೆ ಒಳರಟ್ಟು ಕಾಣುವುದಿಲ್ಲ ಎಂಬುದು ಹೇಳಿದ ಮೇಲೆ ಹೊಳೆಯಿತು. ಆದರೂ ದನಿ ಇಳಿಸಲಿಲ್ಲ.)

ಕೊಂದಳು. ಕತ್ತೆ ಒಂದು ಸಲ ಕೂಗಿ ಮಗ್ಗುಲಾಗಿ ಬಿತ್ತು. ನಾನು ಗೆದ್ದವನ ಹಾಗೆ ಸ್ಕೇಲು ಸರಿಸಿ ಮುಂದಿನ ಸಾಲು ಓದಿದೆ: ‘ಅದರ ಬೆನ್ನ ಮೇಲೆ ನಾಲ್ಕು ಚೀಲ ನೀರು ಹೇರಿ, ಅಕ್ಕರೆಯಿಂದ ನಡೆಸಿಕೊಂಡು ಹೋಗಿ.’

ಪರದೆಯಲ್ಲಿ ಮುದುಕ ಕತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ. ಊರಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಕತ್ತೆಯಿಲ್ಲದೆ ನೀರಿಲ್ಲ, ನೀರಿಲ್ಲದೆ ಆ ಬಯಲಿನಲ್ಲಿ ನಲವತ್ತು ಹೆಜ್ಜೆಗೆ ಅವಳ ಹೆಂಗಸು ಸಾಯುತ್ತಿದ್ದಳು. ಹದಿನೇಳು ಸಲ ಹೊರಟಳು, ಹದಿನೇಳು ಸಲ ಸತ್ತಳು. ಹಿಂದಕ್ಕೆ ಹೋಗೋಣವೆಂದರೆ, ಈ ಆಟ ಮಾಡಿದ್ದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುವ ಜಾತಿಯದು, ಅಳಿಸುವುದಿಲ್ಲ ಎಂದು ಮಗಳು ಫೋನಿನಲ್ಲಿ ಹೇಳಿದಳು. ‘ಎಲ್ಲಾ ಕಡೆ ಕತ್ತೆ ಕೊಳ್ಳಬೇಕು ಅಂತಾನೇ ಇದೆ ಅಪ್ಪಾ. ಕೊಲ್ಲಬೇಕು ಅಂತ ಇರೋದು ನಿಮ್ಮ ಪುಸ್ತಕದಲ್ಲಿ ಮಾತ್ರ. ಮೊದಲಿಂದ ಆಡ್ಬೇಕು.’

ಮೊದಲಿನಿಂದ! ಎಂಟು ತಿಂಗಳು! ಬೀರುವಿನ ಹಾಳೆಯ ನಡುವೆ ಆಗಲೇ ಹದಿನಾರು ಚೌಕ ಇರಲಿಲ್ಲ.

ನನಗೆ ಮೈ ಉರಿದುಹೋಯಿತು. ಇದು ಯಾರ ಕೆಲಸವೆಂದು ಗೊತ್ತಿತ್ತು. ನಮ್ಮ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹೆಂಗಸೊಬ್ಬಳಿದ್ದಾಳೆ. ಆಗ ಹೊಸದಾಗಿ ಸೇರಿದ್ದವಳು. ನಾನು ತಿದ್ದಿಕೊಟ್ಟದ್ದನ್ನು ಹಾಕದೆ ಬಿಟ್ಟಿದ್ದಾಳೆ! ಮಾರನೆಯ ಬೆಳಿಗ್ಗೆ ಪುಸ್ತಕ ಹಿಡಿದು ಅವಳ ಮೇಜಿನ ಮುಂದೆ ಪ್ರತ್ಯಕ್ಷನಾದೆ. ನನ್ನ ಹೆಂಡತಿಯ ಕಣ್ಣು, ಎಂಟು ತಿಂಗಳು, ಉಪ್ಪಿನ ಬಯಲು, ಎಲ್ಲವನ್ನೂ ಇಡೀ ಪ್ರೆಸ್ಸಿಗೆ ಕೇಳುವಂತೆ ಹೇಳಿ, ‘ಒಂದು ಅಕ್ಷರ ಅಮ್ಮಾ, ಒಂದು ಅಕ್ಷರ!’ ಎಂದು ಮುಗಿಸಿದೆ.

ಅವಳು ಕೆಳಗಿನ ಡ್ರಾಯರ್ ಎಳೆದು, ತಳದಲ್ಲಿದ್ದ ಒಂದು ಹಳದಿ ಬಿದ್ದ ಹಾಳೆ ತೆಗೆದು ನನ್ನ ಮುಂದಿಟ್ಟಳು. ನೂರ ಮೂವತ್ತೊಂದನೇ ಪುಟದ ಕರಡು. ಅವಳು ಜೋಡಿಸಿದ್ದು ‘ಕತ್ತೆಯನ್ನು ಕೊಳ್ಳಿ’ ಎಂದೇ. ಅದರ ಸುತ್ತ ಕೆಂಪು ವೃತ್ತ. ಅಂಚಿನಲ್ಲಿ ದೊಡ್ಡದಾಗಿ ‘ಲ್ಲಿ’. ಅದರ ಕೆಳಗೆ: ‘ಮೇಲಿನ ಮೂರೂ ಸಾಲಿನಲ್ಲಿ ಸರಿಯಾಗಿ ಹಾಕಿ ಇಲ್ಲಿ ನಿದ್ದೆಯೇ? ಲ-ಳ ಭೇದ ಗೊತ್ತಿಲ್ಲದವರು ಈ ಕೆಲಸಕ್ಕೆ ಬರಬಾರದು.’ ಅಕ್ಷರ ನನ್ನದು. ಸಹಿ ನನ್ನದು.

‘ಆವತ್ತು ನಾನು ಕೊಳ್ಳಿ ಅಂತಾನೇ ಸರಿ ಸರ್ ಅಂದೆ. ನೀವು ಎಲ್ಲರ ಎದುರು ಇದನ್ನ ಜೋರಾಗಿ ಓದಿದ್ರಿ’ ಎಂದಳು. ‘ಬಾತ್‌ರೂಮಿಗೆ ಹೋಗಿ ಅತ್ತೆ ಸರ್. ಅದಕ್ಕೇ ಇಟ್ಕೊಂಡೆ.’

ಆಗಿನಿಂದ ಎಷ್ಟು ವರ್ಷ ನನ್ನ ಎದುರು ಕೂತು ಟೀ ಕುಡಿದಿದ್ದಾಳೆ ಆ ಹೆಂಗಸು! ಕ್ಷಮಿಸಮ್ಮ ಎಂದೆ. ಇಡೀ ಪ್ರೆಸ್ಸಿಗೆ ಕೇಳುವಂತೆ ಹೇಳಬೇಕಿತ್ತು, ಅವಳಿಗೆ ಮಾತ್ರ ಕೇಳುವಂತೆ ಹೇಳಿದೆ.

ಸಂಜೆ ಮನೆಗೆ ಬಂದಾಗ ಹೆಂಡತಿ ಕಾದು ಕೂತಿದ್ದಳು.

‘ಯಾರ ತಪ್ಪಂತೆ?’

‘ಪ್ರೆಸ್ಸಿಂದು.’

‘ಪ್ರೆಸ್ಸಲ್ಲಿ ಯಾರದು?’

‘ಕರಡು ವಿಭಾಗದ್ದು.’ (ಕರಡು ವಿಭಾಗದಲ್ಲಿ ಇರುವುದು ಒಂದೇ ಕುರ್ಚಿ.)

‘ಗೈಡು ತೆಗೀರಿ. ಮನೇಲಿರೋ ಕತ್ತೆನ ಏನ್ಮಾಡ್ಬೇಕು ಅಂತ ಬರ್ದಿದ್ಯಾ ನೋಡಿ’ ಎಂದಳು. ನಾನು ನಗಲು ಹೋದೆ. ಅವಳು ಅಳುತ್ತಿದ್ದಳು. ‘ಎಷ್ಟು ದೂರ ನಡೆದಿದ್ದೆ ರೀ’ ಎಂದಳು. ಡಾಕ್ಟರ ಮುಂದೆ ಅಳದವಳು, ಮೆಷಿನ್ನಿಗೆ ಬಟ್ಟೆ ಮುಚ್ಚುವಾಗ ಅಳದವಳು. ಬೈದಿದ್ದರೆ ಉಂಡು ಮಲಗುತ್ತಿದ್ದೆ. ಅವತ್ತು ಉಣ್ಣದೆ ಮಲಗಿದೆ.

ಮಾರನೆಯ ದಿನ ಮತ್ತೆ ಮರಳುಗಾಡಿನಿಂದ ಹೊರಟೆವು. ಮೊದಲು ಕೆಂಪು ಪೆನ್ನು ತೆಗೆದು ಪುಸ್ತಕದಲ್ಲಿ ‘ಲ್ಲಿ’ ಹೊಡೆದು ‘ಳ್ಳಿ’ ಮಾಡಿದೆ. ನನ್ನದೇ ತಿದ್ದುಪಡಿಯನ್ನು ನಾನು ತಿದ್ದಿದ್ದು ವೃತ್ತಿಜೀವನದಲ್ಲಿ ಅದೊಂದೇ ಸಲ.

ಮೂರು ತಿಂಗಳು ಅವಳೇ ಆಡಿದಳು. ಅಷ್ಟರಲ್ಲಿ ನಡುವೆಲ್ಲ ಹೋಯಿತು. ಟಿವಿಯನ್ನು ನೋಡಬೇಕಾದರೆ ಮುಖವನ್ನು ಬೀರುವಿನ ಕಡೆ ತಿರುಗಿಸಿ ಕೂರಬೇಕು, ಆಗ ಕಣ್ಣಂಚಿನಲ್ಲಿ ಏನೋ ಅಲುಗಾಡುತ್ತದೆ. ಡಾಕ್ಟರು ಚೌಕದ ಹಾಳೆ ಇನ್ನು ಬೇಡ ಎಂದರು. ಅದನ್ನು ಕಿತ್ತು ಮಡಚಿ ಒಳಗಿಟ್ಟೆ. ಒಂದು ಸಂಜೆ ಅವಳು ರಿಮೋಟನ್ನು ನನ್ನ ತೊಡೆಯ ಮೇಲಿಟ್ಟು, ‘ನೀವು ಆಡಿ. ನಾನು ಹೇಳ್ತೀನಿ’ ಎಂದಳು.

ಸರ್ಕಾರ ಬದಲಾಯಿತು. ಉಪ್ಪಿನ ಬಯಲಿನವರೆಗೆ ಇಡೀ ದಾರಿ ಅವಳಿಗೆ ಬಾಯಿಪಾಠ. ಬಾವಿಯಿಂದ ಎಷ್ಟು ಹೆಜ್ಜೆ, ತೋಳ ಯಾವ ಕಲ್ಲಿನ ಹಿಂದೆ, ಎಲ್ಲ. ‘ಗೈಡು ಮುಚ್ಚಿ, ನಾನಿದೀನಲ್ಲ’ ಎಂದು ದಿನಾ ಹೇಳುತ್ತಿದ್ದಳು. ನಾನು ಪುಸ್ತಕವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಅವಳು ಹೇಳಿದ್ದು ಸರಿಯೇ ಎಂದು ಪುಟ ತೆಗೆದು ನೋಡುವಷ್ಟರಲ್ಲಿ ತೋಳ ನನ್ನನ್ನು ತಿಂದುಬಿಡುತ್ತಿತ್ತು. ಬಾವಿಗೆ ಹನ್ನೊಂದು ಸಲ ಬಿದ್ದೆ. ‘ಎಡ ಅಂದ್ರೆ ನಿಮ್ಮ ಗಡಿಯಾರ ಇರೋ ಕೈ ರೀ!’ ಎಂದು ಅವಳು ಕಿರುಚಿದ್ದನ್ನು ಪಕ್ಕದ ಮನೆಯವರು ಕೇಳಿ, ಯಾರಿಗೋ ಏನೋ ಆಗಿದೆಯೆಂದು ಬಾಗಿಲು ತಟ್ಟಿದರು.

ಕತ್ತೆಯನ್ನು ಕೊಂಡೆವು. ಅದರ ತಲೆ ಸವರಲೂ ಒಂದು ಗುಂಡಿ ಇದೆ. ಅದನ್ನು ಒತ್ತಿಸುತ್ತ ಅರ್ಧ ಗಂಟೆ ನಿಲ್ಲಿಸಿಕೊಂಡಳು ನನ್ನನ್ನು. ಕತ್ತೆಗೆ ‘ಕರಡಿ’ ಎಂದು ಹೆಸರಿಟ್ಟಳು. ಉಪ್ಪಿನ ಬಯಲು ದಾಟಿದೆವು. ಬೆಟ್ಟ ಹತ್ತಿದೆವು. ಮೊನ್ನೆ ಭಾನುವಾರ ಮಧ್ಯಾಹ್ನ ಕೊನೆಯ ಮರಳುಗುಡ್ಡದ ಬುಡಕ್ಕೆ ಬಂದೆವು. ಮಗಳು ಫೋನಿನಲ್ಲಿ, ‘ಇನ್ನು ಹತ್ತಿದ್ರೆ ಆಯ್ತು’ ಎಂದಳು. ಹೆಂಡತಿ ಸೆರಗು ಸರಿಮಾಡಿಕೊಂಡು, ಬೀರುವಿನ ಕಡೆ ಮುಖ ಮಾಡಿ ಕೂತಳು.

ಹತ್ತಿದೆ. ಗುಡ್ಡದ ನೆತ್ತಿಗೆ ಬರುತ್ತಿದ್ದ ಹಾಗೆ ರಿಮೋಟಿನ ಯಾವ ಗುಂಡಿ ಒತ್ತಿದರೂ ಏನೂ ಆಗದು. ಕೆಟ್ಟಿತೇ? ಸತ್ತಳೇ? ಮತ್ತೆ ಮೊದಲಿನಿಂದಲೇ? ತಲೆ ಬಗ್ಗಿಸಿ ಪುಸ್ತಕದ ಕೊನೆಯ ಪುಟ ತೆರೆದೆ, ಸ್ಕೇಲು ಹುಡುಕಿದೆ.

‘ರೀ’ ಎಂದು ಅವಳು ನನ್ನ ಮಣಿಕಟ್ಟು ಹಿಡಿದಳು.

‘ತಡಿಯೇ, ಯಾವ ಗುಂಡಿ ಅಂತ ನೋಡ್ತಿದೀನಿ.’

‘ರೀ!’

‘ಅಯ್ಯೋ ಇರೇ ಮಾರಾಯ್ತಿ!’

ಸಾಲು ಸಾಲಾಗಿ ಇಳಿದು ಇಳಿದು ಕೊನೆಯ ಸಾಲಿಗೆ ಬಂದೆ. ‘ಇಲ್ಲಿಂದ ಮುಂದೆ ಏನನ್ನೂ ಒತ್ತಬೇಕಿಲ್ಲ. ಪುಸ್ತಕ ಮುಚ್ಚಿ, ತಲೆಯೆತ್ತಿ ನೋಡಿ’ ಎಂದಿತ್ತು. ಒಂದೂ ಅಕ್ಷರದೋಷವಿರಲಿಲ್ಲ. ತಲೆಯೆತ್ತಿದೆ. ಪರದೆ ಕಪ್ಪಗಿತ್ತು. ಆಟ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದವು.

ಅವಳು ಬೀರುವಿನ ಕಡೆಗೇ ಮುಖ ಮಾಡಿ ಕೂತಿದ್ದಳು. ಕೆನ್ನೆಯೆಲ್ಲ ಒದ್ದೆ. ಕೈ ಇನ್ನೂ ನನ್ನ ಮಣಿಕಟ್ಟಿನ ಮೇಲೇ ಇತ್ತು.

‘ಸಮುದ್ರ ಬಂತಾ?’ ಎಂದೆ.

‘ಬಂತು.’

‘ಕಾಣಿಸ್ತಾ ನಿಂಗೆ?’

‘ಅಂಚಲ್ಲಿ. ಕಾಣಿಸ್ತು.’

ಎರಡು ಕಣ್ಣೂ ನೆಟ್ಟಗಿರುವ ನಾನು ರಿಮೋಟನ್ನು ಕೆಳಗಿಟ್ಟು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.

‘ಹೇಗಿತ್ತೇ? ಹೇಳು.’

ಅವಳು ಅಡ್ಡಡ್ಡ ತಲೆಯಾಡಿಸಿದಳು.

‘ಹೇಳಲ್ಲ ರೀ. ಹೇಳಿದ್ರೆ ತಿದ್ತೀರಿ.’